ಮೇಷ್ಟ್ರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ

ಬಿ.ಎಸ್ಸಿ. ಓದಿದವರೆಲ್ಲರ ನೆನಪಿನಲ್ಲಿ ಉಳಿದಿರುವ ಒಂದು ದೃಶ್ಯವಿದೆ. ರಸಾಯನ ವಿಜ್ಞಾನದ ಪ್ರಾಕ್ಟಿಕಲ್ ಪರೀಕ್ಷೆ. ಆಮ್ಲ ಬಿದ್ದು ಬಿದ್ದು ಕಲೆಗಟ್ಟಿದ ಉದ್ದನೆಯ ಮೇಜು. ಅದರ ಮೇಲೆ ಸಾಲಾಗಿ ನಿಂತ ಸೀಸೆಗಳು. ಇಡೀ ಕಟ್ಟಡವನ್ನು ಆವರಿಸಿದ ಕೊಳೆತ ಮೊಟ್ಟೆಯ ವಾಸನೆ. ಕೈಗೆ ಒಂದು ಚಿಕ್ಕ ಪೊಟ್ಟಣ ಬರುತ್ತದೆ. ಅದರೊಳಗಿನ ಚಿಟಿಕೆ ಪುಡಿ ಯಾವ ಲವಣವೆಂಬುದನ್ನು ಕೊಟ್ಟ ಸಮಯದೊಳಗೆ ಪತ್ತೆ ಹಚ್ಚಬೇಕು. ಪ್ರನಾಳದಲ್ಲಿ ಹಾಕಿ ಕಾಯಿಸಿ, ಕಲಕಿ, ಸೋಸಿ, ಬಣ್ಣ ನೋಡಿ, ಕೊನೆಗೆ ಏನೂ ತೋಚದೆ ಲ್ಯಾಬ್ ಅಟೆಂಡರನ ಮುಖವನ್ನು ದೈನ್ಯದಿಂದ ನೋಡಿದವರೂ ಉಂಟು. ಅವನು ಕರುಣಾಳುವಾಗಿದ್ದರೆ ಹಾದುಹೋಗುವಾಗ ಮೆಲ್ಲಗೆ ಒಂದು ಹೆಸರು ಉಸುರಿದ್ದೂ ಉಂಟು.

ಈ ಪರೀಕ್ಷೆಯ ವಿಶೇಷವೆಂದರೆ, ವಿದ್ಯಾರ್ಥಿಯೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಉತ್ತರ ಗೊತ್ತಿರುತ್ತದೆ. ಮೇಷ್ಟ್ರಿಗೆ ಗೊತ್ತು, ಪರೀಕ್ಷಕರಿಗೆ ಗೊತ್ತು, ಅಟೆಂಡರನಿಗೆ ಗೊತ್ತು. ಇಂಥದೇ ಇನ್ನೊಂದು ಮೇಜು ವಿಶ್ವವಿದ್ಯಾನಿಲಯದ ಸಂಶೋಧನಾ ವಿಭಾಗದಲ್ಲಿದೆ. ಅದರ ಮುಂದೆಯೂ ಇಪ್ಪತ್ತೈದರ ಆಸುಪಾಸಿನ ಹುಡುಗನೋ ಹುಡುಗಿಯೋ ನಿಂತಿರುತ್ತಾರೆ. ಅದೇ ಸೀಸೆ, ಅದೇ ವಾಸನೆ. ಆದರೆ ಅಲ್ಲಿ ಪ್ರಶ್ನೆಯ ಉತ್ತರ ವಿದ್ಯಾರ್ಥಿಗೂ ಗೊತ್ತಿಲ್ಲ, ಗೈಡ್ ಎನಿಸಿಕೊಂಡ ಪ್ರಾಧ್ಯಾಪಕರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಅದು ಸಂಶೋಧನೆಯೇ ಆಗುತ್ತಿರಲಿಲ್ಲ.

ಓದು ಮುಗಿಸದ ಒಬ್ಬ ತರುಣನ ಕೈಗೆ ಹೀಗೆ ಜಗತ್ತಿನಲ್ಲಿ ಯಾರಿಗೂ ಉತ್ತರ ತಿಳಿಯದ ಪ್ರಶ್ನೆಯೊಂದನ್ನು ಕೊಡಬಹುದು ಎಂಬ ಯೋಚನೆ ಬಹಳ ಹಳೆಯದೇನಲ್ಲ. ಅದು ಒಂದು ಪದ್ಧತಿಯಾಗಿ ಬೇರೂರಿ ಇನ್ನೂ ಇನ್ನೂರು ವರ್ಷ ತುಂಬಿದೆ, ಅಷ್ಟೆ. ಆ ಯೋಚನೆ ಎಲ್ಲಿ ಹುಟ್ಟಿತು, ನಮ್ಮ ಬೆಂಗಳೂರಿನವರೆಗೆ ಹೇಗೆ ಬಂತು, ಬರುವಾಗ ಯಾವ ಯಾವ ಲೆಕ್ಕಗಳನ್ನು ಬಾಕಿ ಉಳಿಸಿಕೊಂಡು ಬಂತು ಎಂಬುದು ತಿಳಿಯಬೇಕಾದ ಕಥೆ.

ಅಡುಗೆಮನೆಯ ಪಕ್ಕದ ಪ್ರಯೋಗಶಾಲೆ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನಲ್ಲಿ ರಸಾಯನ ವಿಜ್ಞಾನವನ್ನು ಕಲಿಸುತ್ತಿರಲಿಲ್ಲವೆಂದಲ್ಲ. ಕಲಿಸುತ್ತಿದ್ದರು, ಆದರೆ ಬಾಯಿಮಾತಿನಲ್ಲಿ. ಪ್ರಾಧ್ಯಾಪಕರು ವೇದಿಕೆಯ ಮೇಲೆ ನಿಂತು ಒಂದೆರಡು ಪ್ರಯೋಗಗಳನ್ನು ಮಾಡಿ ತೋರಿಸುವರು, ವಿದ್ಯಾರ್ಥಿಗಳು ದೂರದಿಂದ ನೋಡುವರು. ಕೈಯಿಂದ ಮಾಡಿ ಕಲಿಯಬೇಕೆನ್ನುವವನು ಔಷಧಿ ಅಂಗಡಿಯಲ್ಲಿ ಸೇರಿಕೊಳ್ಳಬೇಕು, ಇಲ್ಲವೇ ಯಾರಾದರೂ ದೊಡ್ಡ ವಿಜ್ಞಾನಿಯ ಕೃಪೆಗೆ ಪಾತ್ರನಾಗಬೇಕು.

ಆ ಕಾಲದ ಅತಿ ದೊಡ್ಡ ರಸಾಯನ ವಿಜ್ಞಾನಿಗಳಲ್ಲಿ ಒಬ್ಬರಾದ ಸ್ವೀಡನ್ನಿನ ಬರ್ಜೀಲಿಯಸ್ ಅವರಲ್ಲಿಗೆ 1823ರಲ್ಲಿ ಫ್ರೆಡ್ರಿಕ್ ವೋಲರ್ ಎಂಬ ಜರ್ಮನ್ ತರುಣ ಹೋದ. ಯೂರೋಪೆಲ್ಲ ಹೆಸರಾದ ಆ ಪ್ರಯೋಗಶಾಲೆ ಅಡುಗೆಮನೆಯ ಪಕ್ಕದ ಎರಡು ಸಾಮಾನ್ಯ ಕೋಣೆಗಳಾಗಿತ್ತು. ಅಡುಗೆಯ ಹೆಂಗಸು ಅನ್ನಾ ಊಟದ ಪಾತ್ರೆಗಳ ಜೊತೆಗೆ ಪ್ರಯೋಗದ ಪಾತ್ರೆಗಳನ್ನೂ ತೊಳೆದಿಡುತ್ತಿದ್ದಳು. ಅಲ್ಲಿ ಒಬ್ಬರೋ ಇಬ್ಬರೋ ಶಿಷ್ಯರಿಗಷ್ಟೇ ಜಾಗ. ನಮ್ಮಲ್ಲಿ ಸಂಗೀತಗಾರರ ಮನೆಯಲ್ಲಿದ್ದುಕೊಂಡು ಪಾಠ ಹೇಳಿಸಿಕೊಳ್ಳುತ್ತಿದ್ದಂತೆಯೇ ಇದು ಎನ್ನಬಹುದು. ವಿದ್ಯೆ ಸಿಗುತ್ತಿತ್ತು, ಸಿಕ್ಕುವುದು ಅದೃಷ್ಟವಂತರಿಗೆ.

ಈ ಸ್ಥಿತಿಯನ್ನು ಬದಲಿಸಿದವನು ಯೂಸ್ಟುಸ್ ಲೀಬಿಗ್. 1803ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಪಟ್ಟಣದಲ್ಲಿ ಹುಟ್ಟಿದ ಈತನ ತಂದೆ ಬಣ್ಣ, ವಾರ್ನಿಷ್, ಔಷಧ ದ್ರವ್ಯಗಳ ವ್ಯಾಪಾರಿ. ಆ ಅಂಗಡಿಯೇ ಮಗನ ಮೊದಲ ಪಾಠಶಾಲೆ. ಮುಂದೆ ಪ್ಯಾರಿಸ್ಸಿಗೆ ಹೋಗಿ ಗೇ-ಲ್ಯುಸಾಕ್ ಅವರ ಖಾಸಗಿ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ಭಾಗ್ಯ ದೊರೆಯಿತು. ಅಲ್ಲಿ ಅವನನ್ನು ಗುರುತಿಸಿದ ಹಂಬೋಲ್ಟ್ ಶಿಫಾರಸು ಮಾಡಿದ್ದರಿಂದ 1824ರಲ್ಲಿ ಗೀಸೆನ್ ಎಂಬ ಚಿಕ್ಕ ಊರಿನ ಚಿಕ್ಕ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ. ಆಗ ಅವನ ವಯಸ್ಸು 21. ತನಗೆ ಪ್ಯಾರಿಸ್ಸಿನಲ್ಲಿ ಒಬ್ಬನಿಗೇ ಸಿಕ್ಕಿದ್ದು ನೂರಾರು ಜನಕ್ಕೆ ಏಕೆ ಸಿಗಬಾರದು ಎಂಬ ಪ್ರಶ್ನೆ ಅವನೊಡನೆ ಬಂದಿತ್ತು.

ಐದು ಗಾಜಿನ ಗುಂಡುಗಳು

ಲೀಬಿಗ್‌ಗೆ ಪ್ರಯೋಗಶಾಲೆಯೆಂದು ಸಿಕ್ಕಿದ್ದು ಸೈನಿಕರು ಬಿಟ್ಟುಹೋದ ಬ್ಯಾರಕ್ಕಿನ ಕಾವಲು ಮನೆ. ವಿಶ್ವವಿದ್ಯಾನಿಲಯದ ಹಿರಿಯರಿಗೆ ಅವನ ಉತ್ಸಾಹ ರುಚಿಸಲಿಲ್ಲ. ಸರ್ಕಾರಕ್ಕೆ ಅಧಿಕಾರಿಗಳನ್ನು ತಯಾರು ಮಾಡುವುದು ತಮ್ಮ ಕೆಲಸ, ಔಷಧಿ ಅಂಗಡಿಯವರನ್ನಲ್ಲ ಎಂಬುದು ಅವರ ನಿಲುವು. ಹೀಗಾಗಿ ಮೊದಮೊದಲು ಅದು ಔಷಧ ತಯಾರಿಕೆ ಕಲಿಯುವವರಿಗಾಗಿ ಅವನು ನಡೆಸಿದ ಖಾಸಗಿ ಶಾಲೆಯೇ ಆಗಿತ್ತು.

1831ರಲ್ಲಿ ಲೀಬಿಗ್ ರೂಪಿಸಿದ ಒಂದು ಸಣ್ಣ ಉಪಕರಣ ಎಲ್ಲವನ್ನೂ ಬದಲಿಸಿತು. ಸಸ್ಯ ಮತ್ತು ಪ್ರಾಣಿಮೂಲದ ವಸ್ತುಗಳಲ್ಲಿ ಇಂಗಾಲವೆಷ್ಟು, ಜಲಜನಕವೆಷ್ಟು ಎಂದು ಅಳೆಯುವುದು ಅಂದಿನ ದೊಡ್ಡ ತಲೆನೋವು. ಅದಕ್ಕೆ ಮಾರ್ಗ ಇಷ್ಟೆ. ತೂಕ ಮಾಡಿದ ವಸ್ತುವನ್ನು ತಾಮ್ರದ ಆಕ್ಸೈಡಿನೊಡನೆ ಸೇರಿಸಿ ಗಾಜಿನ ಕೊಳವೆಯಲ್ಲಿ ಸುಡಬೇಕು. ಜಲಜನಕವೆಲ್ಲ ನೀರಿನ ಆವಿಯಾಗುತ್ತದೆ, ಇಂಗಾಲವೆಲ್ಲ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಆವಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಹೀರಿಕೊಳ್ಳುತ್ತದೆ. ಅನಿಲವನ್ನು ಹಿಡಿಯುವುದೇ ಕಷ್ಟ. ಲೀಬಿಗ್ ಗಾಜಿನ ಕೊಳವೆಯನ್ನು ತ್ರಿಕೋನಾಕಾರದಲ್ಲಿ ಬಗ್ಗಿಸಿ, ಅದರಲ್ಲಿ ಐದು ಗುಂಡುಗಳನ್ನು ಊದಿ, ಒಳಗೆ ಪೊಟ್ಯಾಷ್ ದ್ರಾವಣ ತುಂಬಿದ. ಅನಿಲವು ಗುಂಡಿನಿಂದ ಗುಂಡಿಗೆ ಗುಳುಗುಳು ಎನ್ನುತ್ತ ಸಾಗುವಾಗ ದ್ರಾವಣ ಅದನ್ನು ಪೂರ್ತಿ ಹೀರಿಕೊಳ್ಳುತ್ತದೆ. ಮೊದಲು ತೂಗಿದ್ದೆಷ್ಟು, ಈಗ ತೂಗುವುದೆಷ್ಟು ಎಂದು ನೋಡಿದರೆ ಲೆಕ್ಕ ಮುಗಿಯಿತು.

ಬರ್ಜೀಲಿಯಸ್‌ರಂಥ ನಿಷ್ಣಾತರು ಇಂಥ ಕೆಲವೇ ವಿಶ್ಲೇಷಣೆಗಳಿಗೆ ತಿಂಗಳುಗಟ್ಟಲೆ ಶ್ರಮಿಸುತ್ತಿದ್ದರು. ಈಗ ಸಾಧಾರಣ ಬುದ್ಧಿಯ, ಶ್ರದ್ಧೆಯಿರುವ ಯಾವ ವಿದ್ಯಾರ್ಥಿಯಾದರೂ ಕೆಲವು ವಾರಗಳ ಅಭ್ಯಾಸದಿಂದ ಅದೇ ಕೆಲಸವನ್ನು ನಂಬಲರ್ಹವಾಗಿ ಮಾಡಬಲ್ಲವನಾದ. ವಿಜ್ಞಾನದ ಇತಿಹಾಸದಲ್ಲಿ ಈ ಉಪಕರಣದ ಮಹತ್ವ ಇರುವುದು ಇಲ್ಲಿ. ಶಿಷ್ಯನ ಕೈಯಿಂದ ಬಂದ ಅಂಕಿಯನ್ನು ಜಗತ್ತು ನಂಬಬಹುದಾಯಿತು. ನಂಬಬಹುದಾದ ಮೇಲೆ ಅವನಿಗೆ ನಿಜವಾದ ಪ್ರಶ್ನೆಯನ್ನೇ ಕೊಡಬಹುದಾಯಿತು.

ಲೀಬಿಗ್‌ನ ಪಾಠಕ್ರಮವೂ ಹೊಸದು. ಮೊದಲು ಗೊತ್ತಿರುವ ವಸ್ತುಗಳ ವಿಶ್ಲೇಷಣೆ. ನಮ್ಮ ಪ್ರಾಕ್ಟಿಕಲ್ ಪರೀಕ್ಷೆಯ ಪೊಟ್ಟಣದ ಪುಡಿಗೆ ಇದೇ ಪೂರ್ವಜ. ಆಮೇಲೆ ಸ್ವಂತ ಸಂಶೋಧನೆ. ಪ್ರತಿದಿನ ಬೆಳಿಗ್ಗೆ ಒಬ್ಬೊಬ್ಬರೂ ಹಿಂದಿನ ದಿನ ಏನು ಮಾಡಿದೆ, ಇಂದು ಏನು ಮಾಡಬೇಕೆಂದಿದ್ದೇನೆ ಎಂದು ವರದಿ ಒಪ್ಪಿಸಬೇಕು. ಗುರು ಒಪ್ಪಬಹುದು, ಆಕ್ಷೇಪಿಸಬಹುದು. ಆದರೆ ದಾರಿಯನ್ನು ಹುಡುಕಿಕೊಳ್ಳಬೇಕಾದವನು ಶಿಷ್ಯನೇ. ಒಬ್ಬರ ಕೆಲಸವನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತ ಪರಸ್ಪರ ಕಲಿಯುತ್ತಿದ್ದರು. ಗೀಸೆನ್‌ನಲ್ಲಿ ಬೇರೆ ಮನರಂಜನೆಯೂ ಇರಲಿಲ್ಲವಾದ್ದರಿಂದ ನಸುಕಿನಿಂದ ಕತ್ತಲೆಯವರೆಗೆ ಕೆಲಸ ನಡೆಯುತ್ತಿತ್ತಂತೆ. ಇದರ ಬಗ್ಗೆ ದೂರು ಹೇಳುತ್ತಿದ್ದವನು ಅಲ್ಲಿನ ಸೇವಕನೊಬ್ಬನೇ: ಸಂಜೆ ಕಸ ಗುಡಿಸೋಣವೆಂದರೆ ಈ ಹುಡುಗರು ಜಾಗ ಬಿಟ್ಟು ಏಳುವುದಿಲ್ಲ ಎಂದು. ಲೀಬಿಗ್ ಮುಂದೆ ತನ್ನ ನೆನಪುಗಳಲ್ಲಿ ಇದನ್ನು ಬರೆದಿಟ್ಟಿದ್ದಾನೆ.

1842ರಲ್ಲಿ ಟ್ರೌಟ್‌ಶೋಲ್ಡ್ ಎಂಬ ಕಲಾವಿದ ಈ ಪ್ರಯೋಗಶಾಲೆಯ ಚಿತ್ರವೊಂದನ್ನು ಬರೆದ. ಕೋಟು, ಟೋಪಿ ಧರಿಸಿದ ಯುವಕರು ಕುಲುಮೆಯ ಸುತ್ತ, ಮೇಜುಗಳ ಬಳಿ ತಮ್ಮ ತಮ್ಮ ಕೆಲಸದಲ್ಲಿ ಮಗ್ನರಾಗಿದ್ದಾರೆ. ದೂರದ ಮೆಕ್ಸಿಕೋದಿಂದ ಬಂದವನೂ ಅವರಲ್ಲಿದ್ದಾನೆ. ಯೂರೋಪು, ಅಮೆರಿಕಗಳಿಂದ ವಿದ್ಯಾರ್ಥಿಗಳು ಈ ಚಿಕ್ಕ ಊರನ್ನು ಹುಡುಕಿಕೊಂಡು ಬರುತ್ತಿದ್ದರು. ಆ ಪ್ರಯೋಗಶಾಲೆ ಇಂದು ವಸ್ತುಸಂಗ್ರಹಾಲಯ. ಅಂದು ಮೂಗು ಮುರಿದ ವಿಶ್ವವಿದ್ಯಾನಿಲಯಕ್ಕೆ ಇಂದು ಲೀಬಿಗ್‌ನದೇ ಹೆಸರು.

ಶಿಷ್ಯನೊಬ್ಬ ಕಂಡ ಬಣ್ಣ

ಗೀಸೆನ್‌ನ ಶಿಷ್ಯರು ಹೋದಲ್ಲೆಲ್ಲ ಇಂಥದೇ ಪ್ರಯೋಗಶಾಲೆ ಕಟ್ಟಿದರು. ಅವರಲ್ಲೊಬ್ಬ ಆಗಸ್ಟ್ ಹಾಫ್‌ಮನ್. 1845ರಲ್ಲಿ ಲಂಡನ್ನಿನಲ್ಲಿ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿ ಆರಂಭವಾದಾಗ ಅದರ ಹೊಣೆ ಹೊತ್ತವನು ಅವನೇ. ಆ ಕಾಲೇಜಿಗೆ 1853ರಲ್ಲಿ, 15ನೆಯ ವಯಸ್ಸಿಗೇ ಸೇರಿದ ಹುಡುಗ ವಿಲಿಯಂ ಪರ್ಕಿನ್.

ಹಾಫ್‌ಮನ್ ತನ್ನ ಶಿಷ್ಯನ ಮುಂದಿಟ್ಟ ಪ್ರಶ್ನೆ ಕ್ವಿನೈನ್. ಮಲೇರಿಯಕ್ಕೆ ಅಂದು ಇದ್ದ ಏಕೈಕ ಮದ್ದು ಸಿಂಕೋನಾ ಮರದ ತೊಗಟೆಯಿಂದ ತೆಗೆದ ಈ ವಸ್ತು. ಚಳಿಜ್ವರದಲ್ಲಿ ನಡುಗಿದ ನಮ್ಮ ಮಲೆನಾಡಿನ ಹಳಬರಿಗೆ ಕೊಯಿನಾದ ಕಹಿ ಚೆನ್ನಾಗಿ ಗೊತ್ತು. ಅದನ್ನು ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ವಸ್ತುಗಳಿಂದ ಕೃತಕವಾಗಿ ತಯಾರಿಸಲಾದೀತೇ? ಅಣುವಿನಲ್ಲಿ ಯಾವ ಪರಮಾಣು ಎಷ್ಟಿದೆ ಎಂಬ ಲೆಕ್ಕ ಲೀಬಿಗ್‌ನ ಗಾಜಿನ ಗುಂಡುಗಳ ಕೃಪೆಯಿಂದ ಗೊತ್ತಿತ್ತು. ಅವು ಹೇಗೆ ಜೋಡಣೆಗೊಂಡಿವೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆ ಲೆಕ್ಕವನ್ನಷ್ಟೇ ನೆಚ್ಚಿ 1856ರ ಈಸ್ಟರ್ ರಜೆಯಲ್ಲಿ, ಮನೆಯಲ್ಲಿ ತಾನೇ ಹೂಡಿಕೊಂಡಿದ್ದ ಪುಟ್ಟ ಪ್ರಯೋಗಶಾಲೆಯಲ್ಲಿ ಪರ್ಕಿನ್ ಪ್ರಯತ್ನಿಸಿದ. ಕ್ವಿನೈನ್ ಬರಲಿಲ್ಲ. ಅನಿಲೀನ್ ಹಾಕಿ ನೋಡಿದಾಗ ತಳದಲ್ಲಿ ಕಪ್ಪು ಗಷ್ಟು ಉಳಿಯಿತು. ಅದನ್ನು ಮದ್ಯಸಾರದಲ್ಲಿ ಕರಗಿಸಿದರೆ ಮನೋಹರವಾದ ನೇರಳೆ ಬಣ್ಣ! ರೇಷ್ಮೆಗೆ ಹಾಕಿದರೆ ಗಟ್ಟಿಯಾಗಿ ನಿಂತಿತು.

ಇದೇ ಮಾವ್ ಎಂಬ ಬಣ್ಣ. ಕೃತಕ ಬಣ್ಣಗಳ ಉದ್ಯಮಕ್ಕೆ ನಾಂದಿ. ಪೇಟೆಂಟ್ ಪಡೆದಾಗ ಪರ್ಕಿನ್‌ಗೆ 18 ವರ್ಷ. ಓದು ಬಿಟ್ಟು ಕಾರ್ಖಾನೆ ಹಾಕುತ್ತೇನೆಂದಾಗ ಗುರು ಒಪ್ಪಲಿಲ್ಲ, ಶಿಷ್ಯ ಕೇಳಲಿಲ್ಲ. 1858ರಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಈ ಬಣ್ಣದ ಉಡುಪು ಧರಿಸಿ ಬಂದಳು.

ಈ ಬಣ್ಣದ ಹಿಂದೆ ಇನ್ನೊಬ್ಬ ಶಿಷ್ಯನಿದ್ದಾನೆ. ಅವನ ಹೆಸರು ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್. ಡಾಂಬರಿನಿಂದ ಬೆಂಜೀನನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸುವ ವಿಧಾನವನ್ನು ಹಾಫ್‌ಮನ್ನನ ಪ್ರಯೋಗಶಾಲೆಯಲ್ಲಿ ಕಂಡುಹಿಡಿದವನು ಅವನು. ಬೆಂಜೀನಿನಿಂದಲೇ ಅನಿಲೀನ್, ಅನಿಲೀನಿನಿಂದಲೇ ಮಾವ್. 1855ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕೆಂದು ಬೆಂಜೀನ್ ಬಟ್ಟಿಯಿಳಿಸುತ್ತಿದ್ದಾಗ ಬೆಂಕಿ ಹೊತ್ತಿಕೊಂಡಿತು. ಉರಿಯುವ ಪಾತ್ರೆಯನ್ನು ಕೈಯಲ್ಲೇ ಹೊರಗೆ ಸಾಗಿಸಲು ಹೋಗಿ ಸುಟ್ಟ ಗಾಯಗಳಿಂದ ತೀರಿಕೊಂಡ. ನೇರಳೆ ಬಣ್ಣ ಹೊರಬಂದದ್ದು ಅದರ ಮರುವರ್ಷ.

ಇಂಥ ಪ್ರಯೋಗಶಾಲೆಗಳಿಂದ ಹೊರಟ ಬಣ್ಣಗಳು ನಮ್ಮ ನಾಡನ್ನೂ ಮುಟ್ಟದೆ ಬಿಡಲಿಲ್ಲ. ಗೀಸೆನ್‌ನಲ್ಲಿ ಕಲಿತ ಕೆಕುಲೆಯ ಶಿಷ್ಯ ಬೇಯರ್ ನೀಲಿಯನ್ನು ಕೃತಕವಾಗಿ ತಯಾರಿಸಿದ. 1897ರಲ್ಲಿ ಜರ್ಮನ್ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಬಿಹಾರದ ನೀಲಿ ತೋಟಗಳ ಆಂಗ್ಲ ಮಾಲೀಕರು ತಮ್ಮ ನಷ್ಟವನ್ನು ಗೇಣಿ ಏರಿಸಿ ರೈತರ ತಲೆಗೆ ಕಟ್ಟಿದರು. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದ ಕಾರಣಗಳಲ್ಲಿ ಇದೂ ಒಂದು.

ಕಲ್ಕತ್ತೆಯ ಹಳದಿ ಹರಳು

ಬಣ್ಣದ ಹೊಡೆತ ಬಂದ ದಾರಿಯಲ್ಲೇ ಪ್ರಯೋಗಶಾಲೆಯ ವಿದ್ಯೆಯೂ ಭಾರತಕ್ಕೆ ಬಂತು. ಲೀಬಿಗ್‌ನ ಶಿಷ್ಯ ಲಿಯಾನ್ ಪ್ಲೇಫೇರ್ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ರಸಾಯನ ವಿಜ್ಞಾನದ ಪ್ರಾಧ್ಯಾಪಕನಾಗಿದ್ದ. ಅವನ ನಂತರ ಆ ಪೀಠಕ್ಕೆ ಬಂದವನು ಕ್ರಮ್ ಬ್ರೌನ್. ಅವನ ಕೈಕೆಳಗೆ ಕಲಿತು 1887ರಲ್ಲಿ ಡಿ.ಎಸ್ಸಿ. ಪಡೆದ ಬಂಗಾಳಿ ತರುಣ ಪ್ರಫುಲ್ಲಚಂದ್ರ ರಾಯ್.

ರಾಯ್ 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಪಾದರಸದ ಮೇಲೆ ತಣ್ಣನೆಯ ದುರ್ಬಲ ನೈಟ್ರಿಕ್ ಆಮ್ಲ ಹಾಕಿ ಏನನ್ನೋ ತಯಾರಿಸಲು ಹೊರಟಾಗ ನಿರೀಕ್ಷಿಸದಿದ್ದ ಹಳದಿ ಹರಳುಗಳು ಕಂಡವು. ಅದು ಮರ್ಕ್ಯುರಸ್ ನೈಟ್ರೈಟ್. 1896ರಲ್ಲಿ ಅದರ ವಿವರಗಳು ಪ್ರಕಟವಾದವು. ಆದರೆ ರಾಯ್ ಅವರನ್ನು ನಾವು ನೆನೆಯಬೇಕಾದ್ದು ಆ ಹರಳಿಗಿಂತ ಹೆಚ್ಚಾಗಿ ಅವರು ಬೆಳೆಸಿದ ಶಿಷ್ಯರಿಗಾಗಿ. ಜ್ಞಾನಚಂದ್ರ ಘೋಷ್, ಜ್ಞಾನೇಂದ್ರನಾಥ ಮುಖರ್ಜಿ, ನೀಲರತನ ಧರ್ ಎಲ್ಲರೂ ಆ ಗರಡಿಯಲ್ಲಿ ಪಳಗಿದವರು. ಮದುವೆಯಾಗದೆ ಉಳಿದ ಆಚಾರ್ಯರು ಮುಂದೆ ವಿಜ್ಞಾನ ಕಾಲೇಜಿನ ಕೋಣೆಯೊಂದರಲ್ಲೇ ವಾಸವಾಗಿದ್ದು, 60 ವರ್ಷ ತುಂಬಿದ ಮೇಲಿನ ಸಂಬಳವನ್ನೆಲ್ಲ ಸಂಶೋಧನೆಗೆ ಬಿಟ್ಟುಕೊಟ್ಟರು. ಶಿಷ್ಯನಿಂದ ಸೋಲುವುದೇ ಗುರುವಿನ ಗೆಲುವೆಂಬ ನಮ್ಮ ಹಳೆಯ ಮಾತನ್ನು ಬದುಕಿ ತೋರಿದವರು ಅವರು.

ಇಲ್ಲಿಂದ ಸರಪಳಿಯ ಒಂದು ಕೊಂಡಿ ನೇರವಾಗಿ ಬೆಂಗಳೂರಿಗೆ ಬರುತ್ತದೆ. ರಾಯ್ ಅವರ ಶಿಷ್ಯ ಜ್ಞಾನಚಂದ್ರ ಘೋಷ್ 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಸಂಸ್ಥೆ ಜೆಮ್‌ಷೆಟ್‌ಜಿ ಟಾಟಾ ಅವರ ದತ್ತಿಯಿಂದ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ, 1909ರಲ್ಲಿ ರೂಪುಗೊಂಡಿತ್ತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದಾಗ ಬಾಗಿಲು ತೆರೆದ ವಿಭಾಗಗಳಲ್ಲಿ ರಸಾಯನ ವಿಜ್ಞಾನವೂ ಸೇರಿತ್ತು. ಮೊದಲನೆಯ ಮಹಾಯುದ್ಧದಿಂದಾಗಿ ಜರ್ಮನಿಗೆ ಶ್ರೀಗಂಧ ಹೋಗುವುದು ನಿಂತಾಗ, ಇಲ್ಲಿಯೇ ಎಣ್ಣೆ ತೆಗೆಯುವ ವಿಧಾನವನ್ನು ಸಿದ್ಧಪಡಿಸಲು ನೆರವಾದವರು ಇಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್. 1916ರಲ್ಲಿ ಸಂಸ್ಥಾನದ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ನಮ್ಮ ಮನೆಯ ಬಚ್ಚಲಿನ ಮೈಸೂರ್ ಸ್ಯಾಂಡಲ್ ಸಾಬೂನಿನ ಪರಿಮಳಕ್ಕೂ ಪ್ರಯೋಗಶಾಲೆಯ ಈ ಕಥೆಗೂ ಹೀಗೆ ನಂಟುಂಟು.

ಬಾಗಿಲಲ್ಲಿ ಕುಳಿತ ಹುಡುಗಿ

ಇಷ್ಟಾದರೂ ಗೀಸೆನ್‌ನಿಂದ ಬಂದ ಪದ್ಧತಿಯಲ್ಲಿ ಮೂರು ಲೆಕ್ಕಗಳು ಬಾಕಿ ಉಳಿದಿದ್ದವು. ಪ್ರಯೋಗಶಾಲೆಯೊಳಗೆ ಯಾರು ಬರಬಹುದು? ಅಲ್ಲಿ ಕಂಡುಹಿಡಿದದ್ದು ಯಾರ ಹೆಸರಿಗೆ? ಅಲ್ಲಿನ ಅಪಾಯ ಯಾರ ಪಾಲಿಗೆ? ಮೊದಲ ಪ್ರಶ್ನೆ ಬೆಂಗಳೂರಿನಲ್ಲೇ ಎದ್ದಿತು.

1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗಳಾಗಿ ತೇರ್ಗಡೆಯಾಗಿ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ತಂದೆ ಮತ್ತು ತಂದೆಯ ಸಹೋದರ ಅಲ್ಲಿಯೇ ರಸಾಯನ ವಿಜ್ಞಾನ ಕಲಿತವರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಅವರೇ ಮುಂದೆ ಹೇಳಿಕೊಂಡಂತೆ, ಅವರು ನೇರವಾಗಿ ರಾಮನ್ ಅವರ ಕಚೇರಿಗೆ ಹೋಗಿ ಪ್ರವೇಶ ಸಿಗುವವರೆಗೆ ಕದಲುವುದಿಲ್ಲವೆಂದು ಸತ್ಯಾಗ್ರಹ ಹೂಡಿದರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು: ಒಂದು ವರ್ಷ ಪೂರ್ಣ ವಿದ್ಯಾರ್ಥಿನಿಯ ಮಾನ್ಯತೆಯಿಲ್ಲ, ಗೈಡ್ ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ತನ್ನ ಇರುವಿಕೆಯಿಂದ ಪ್ರಯೋಗಶಾಲೆಯ ವಾತಾವರಣ ಕೆಡಬಾರದು. ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿಯೊಬ್ಬರು ಹೀಗೆ ನಡೆದುಕೊಂಡರಲ್ಲ ಎಂಬ ನೋವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ಬಡವರ ಊಟದ ತಟ್ಟೆಗೆ ಸಂಬಂಧಿಸಿದ ಸಂಶೋಧನೆ ಅದು. ಮುಂದೆ ಕೇಂಬ್ರಿಜ್‌ಗೆ ಹೋಗಿ, ಸಸ್ಯಗಳ ಜೀವಕೋಶಗಳಲ್ಲಿಯೂ ಸೈಟೊಕ್ರೋಮ್ ಸಿ ಇದೆಯೆಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದ ಅವರು ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕರ ಹುದ್ದೆಗೂ ಏರಿದರು. ಷರತ್ತಿನ ಆ ಒಂದು ವರ್ಷ ಕಳೆದ ಮೇಲೆ ರಾಮನ್ ಅವರ ನಿಲುವೂ ಬದಲಾಯಿತು. ಮುಂದೆ ಅವರ ಸ್ವಂತ ಪ್ರಯೋಗಶಾಲೆಯಲ್ಲೇ ಹೆಣ್ಣುಮಕ್ಕಳು ಸಂಶೋಧನೆ ನಡೆಸಿದರು.

ಹೆಸರಿನ ಲೆಕ್ಕ

ಎರಡನೆಯದು ಹೆಸರಿನ ಪ್ರಶ್ನೆ. ಸಂಶೋಧನೆಯ ಪ್ರಶ್ನೆ ಹಾಕಿದವರು ಗುರು. ಹಣ, ಜಾಗ, ಉಪಕರಣ ಒದಗಿಸಿದವರೂ ಅವರೇ. ರಾತ್ರಿ ಹನ್ನೆರಡಕ್ಕೆ ಉಪಕರಣದ ಮುಂದೆ ಕುಳಿತವನು ಶಿಷ್ಯ. ಕಂಡದ್ದು ಯಾರದು?

1985ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾನಿಲಯದಲ್ಲಿ ಇಂಗಾಲದ ಆವಿಯ ಮೇಲೆ ಪ್ರಯೋಗ ನಡೆಯುತ್ತಿತ್ತು. ಸ್ಮಾಲಿ, ಕರ್ಲ್ ಅಲ್ಲಿಯ ಪ್ರಾಧ್ಯಾಪಕರು. ಇಂಗ್ಲೆಂಡಿನಿಂದ ಬಂದಿದ್ದವರು ಕ್ರೋಟೊ. ಲೇಸರ್ ಯಂತ್ರವನ್ನು ಹಗಲಿರುಳು ನಡೆಸಿದವರು ಜಿಮ್ ಹೀತ್, ಶಾನ್ ಒಬ್ರಿಯನ್ ಮೊದಲಾದ ಸಂಶೋಧನಾ ವಿದ್ಯಾರ್ಥಿಗಳು. ಸರಿಯಾಗಿ 60 ಪರಮಾಣುಗಳ ಗುಂಪೊಂದು ಮತ್ತೆ ಮತ್ತೆ ಎದ್ದು ಕಾಣತೊಡಗಿತು. ಅದು ಕಾಲ್ಚೆಂಡಿನ ಹೊಲಿಗೆಯಂತೆ ಐದು ಮತ್ತು ಆರು ಮೂಲೆಗಳ ಪಟ್ಟಿಗಳಿಂದ ಕೂಡಿದ ಗೋಳವೆಂದು ಅವರೆಲ್ಲ ಸೇರಿ ಊಹಿಸಿದರು; ಊಹೆ ನಿಜವಾಯಿತು. ಅದೇ ವರ್ಷ ಪ್ರಕಟವಾದ ಲೇಖನದಲ್ಲಿ ಮೂವರು ಹಿರಿಯರ ಜೊತೆಗೆ ಹೀತ್ ಮತ್ತು ಒಬ್ರಿಯನ್ ಹೆಸರುಗಳೂ ಇದ್ದವು. 1996ರಲ್ಲಿ ನೊಬೆಲ್ ಬಂದಾಗ ಅದು ಕರ್ಲ್, ಕ್ರೋಟೊ, ಸ್ಮಾಲಿ ಮೂವರಿಗೆ. ಒಂದು ಪ್ರಶಸ್ತಿಯನ್ನು ಮೂವರಿಗಿಂತ ಹೆಚ್ಚು ಮಂದಿಗೆ ಹಂಚುವಂತಿಲ್ಲವೆಂಬುದು ಆ ಪ್ರಶಸ್ತಿಯ ನಿಯಮ.

ಇಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಲೇಖನದಲ್ಲಿ ಹೆಸರು ಸೇರಿಸಿದ್ದು ನ್ಯಾಯವೇ. ಆದರೂ ಪಠ್ಯಪುಸ್ತಕಗಳಲ್ಲಿ ಉಳಿಯುವುದು ಮೂರು ಹೆಸರು. ಇದು ಸುಖಾಂತವಾದ ಉದಾಹರಣೆ. ಹೀತ್ ಮುಂದೆ ಹೆಸರಾಂತ ವಿಜ್ಞಾನಿಯೇ ಆದರು. ಲೇಖನದಲ್ಲಿ ತನ್ನ ಹೆಸರು ಎಷ್ಟನೆಯದು, ಇರುತ್ತದೆಯೋ ಇಲ್ಲವೋ ಎಂಬ ಚಿಂತೆಯನ್ನು ಬಾಯಿಬಿಟ್ಟು ಹೇಳಲಾರದ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಏಕೆಂದರೆ ಪದವಿಗೆ ಸಹಿ ಹಾಕುವ ಕೈಯೂ, ಮುಂದಿನ ಕೆಲಸಕ್ಕೆ ಶಿಫಾರಸು ಪತ್ರ ಬರೆಯುವ ಕೈಯೂ ಒಂದೇ.

ಪ್ರಾಣದ ಲೆಕ್ಕ

ಮೂರನೆಯ ಲೆಕ್ಕ ಎಲ್ಲಕ್ಕಿಂತ ಭಾರವಾದದ್ದು. 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಸಾಯನ ಪ್ರಯೋಗಶಾಲೆಯಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬಳು ಗಾಳಿ ತಾಕಿದರೆ ಹೊತ್ತಿಕೊಳ್ಳುವ ಟರ್ಷಿಯರಿ ಬ್ಯುಟೈಲ್ ಲಿಥಿಯಂ ಎಂಬ ದ್ರವವನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಎಳೆಯುತ್ತಿದ್ದಳು. ಸಿರಿಂಜಿನ ದಂಡ ಕಳಚಿಕೊಂಡು ದ್ರವ ಚೆಲ್ಲಿತು. ಬೆಂಕಿ ನಿರೋಧಕ ಕೋಟು ಮೈಮೇಲಿರಲಿಲ್ಲ. ಕೃತಕ ನೂಲಿನ ಸ್ವೆಟರಿಗೆ ಬೆಂಕಿ ಹತ್ತಿತು. 18 ದಿನ ಆಸ್ಪತ್ರೆಯಲ್ಲಿ ನರಳಿ ತೀರಿಕೊಂಡಳು. ಮ್ಯಾನ್ಸ್‌ಫೀಲ್ಡ್ ಸತ್ತು ಒಂದೂವರೆ ಶತಮಾನ ಕಳೆದಿತ್ತು. ಈ ಬಾರಿ ಪ್ರಾಧ್ಯಾಪಕರ ಮೇಲೂ ವಿಶ್ವವಿದ್ಯಾನಿಲಯದ ಮೇಲೂ ಕ್ರಿಮಿನಲ್ ಆರೋಪ ದಾಖಲಾಯಿತು. 2012 ಮತ್ತು 2014ರ ಒಪ್ಪಂದಗಳಲ್ಲಿ ಮೊಕದ್ದಮೆ ಮುಗಿಯಿತಾದರೂ, ಸುರಕ್ಷತೆ ವಿದ್ಯಾರ್ಥಿಯೊಬ್ಬನದೇ ಹೊಣೆಯಲ್ಲ ಎಂಬುದು ಪ್ರಯೋಗಶಾಲೆಗಳಿಗೆ ಮನದಟ್ಟಾಯಿತು.

ದೂರದ ಮಾತೇಕೆ? 2018ರ ಡಿಸೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಅನಿಲ ಸಿಲಿಂಡರ್ ಸ್ಫೋಟಿಸಿ ತರುಣ ಸಂಶೋಧಕನೊಬ್ಬ ಪ್ರಾಣ ಕಳೆದುಕೊಂಡ, ಜೊತೆಯಲ್ಲಿದ್ದವರು ಗಾಯಗೊಂಡರು. ಅದು ರಸಾಯನ ವಿಭಾಗವಲ್ಲ, ಆದರೆ ಅಪಾಯಕ್ಕೆ ವಿಭಾಗಗಳ ಭೇದವಿಲ್ಲ.

ಹೊಟ್ಟೆಪಾಡಿನ ಮಾತನ್ನೂ ಇಲ್ಲಿಯೇ ಹೇಳಬೇಕು. ನಮ್ಮ ದೇಶದಲ್ಲಿ ರಾಷ್ಟ್ರೀಯ ಪರೀಕ್ಷೆಯಲ್ಲಿ ಗೆದ್ದು ಬಂದ ಕಿರಿಯ ಸಂಶೋಧಕರ ಮಾಸಿಕ ವೇತನ 2019ರಲ್ಲಿ 31,000 ರೂಪಾಯಿ, 2023ರಲ್ಲಿ 37,000 ರೂಪಾಯಿ ಆಯಿತು. ಇದು ತಾನಾಗಿ ಬಂದದ್ದಲ್ಲ. 2018–19ರಲ್ಲಿ ಹಲವು ಸಂಸ್ಥೆಗಳ ವಿದ್ಯಾರ್ಥಿಗಳು ಬೀದಿಗಿಳಿದು ಕೇಳಬೇಕಾಯಿತು. ಆ ಪರೀಕ್ಷೆ ಗೆಲ್ಲದೆಯೂ ಸಂಶೋಧನೆಗೆ ಸೇರಿದವರಿಗೆ ಸಿಗುವುದು ಇದಕ್ಕಿಂತ ಎಷ್ಟೋ ಕಡಿಮೆ. ಮದುವೆಯ ವಯಸ್ಸಿನ ಮಗ ‘ಇನ್ನೂ ಓದುತ್ತಿದ್ದಾನೆ’ ಎಂದು ನೆಂಟರ ಮುಂದೆ ಹೇಳಬೇಕಾದ ತಂದೆತಾಯಿಯರ ಸಂಕೋಚವೂ ಈ ಲೆಕ್ಕಕ್ಕೆ ಸೇರಿದ್ದೇ.

ಮತ್ತೆ ಆ ಮೇಜಿಗೆ

ಇಷ್ಟೆಲ್ಲ ಇದ್ದೂ ಹುಡುಗರು ಏಕೆ ಹೋಗುತ್ತಾರೆ? ಹತ್ತು ಪ್ರಯೋಗಗಳಲ್ಲಿ ಒಂಬತ್ತು ಕೆಡುತ್ತವೆ. ಹರಳು ಕಟ್ಟುತ್ತದೆಂದು ಕಾದರೆ ಅಂಟು ಕೂರುತ್ತದೆ. ತಿಂಗಳ ದುಡಿಮೆ ಒಂದು ಬಿರುಕುಬಿಟ್ಟ ಫ್ಲಾಸ್ಕಿನಿಂದ ಸಿಂಕಿಗೆ ಹರಿದುಹೋಗುತ್ತದೆ. ಆದರೆ ಎಂದೋ ಒಂದು ಇರುಳು ಕಾಗದದ ಮೇಲೆ ಗೆರೆಯೊಂದು ಏಳುತ್ತದೆ, ಇಲ್ಲವೇ ತಳದಲ್ಲಿ ಹಳದಿಯೋ ನೇರಳೆಯೋ ಕಾಣಿಸುತ್ತದೆ. ಆ ಗಳಿಗೆಯಲ್ಲಿ ಅದನ್ನು ಬಲ್ಲವರು ಲೋಕದಲ್ಲಿ ಒಬ್ಬರೇ. ಇನ್ನೂ ಗೈಡಿಗೂ ಹೇಳಿಲ್ಲ. ಪರ್ಕಿನ್‌ಗೂ ಪ್ರಫುಲ್ಲಚಂದ್ರರಿಗೂ ಸಿಕ್ಕಿದ ಆ ಸುಖ ಚಿಕ್ಕ ಪ್ರಮಾಣದಲ್ಲಾದರೂ ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿಗೂ ಒಮ್ಮೆ ಸಿಗುತ್ತದೆ.

ಲೀಬಿಗ್ ದೊಡ್ಡದೊಂದು ನಂಬಿಕೆಯನ್ನು ಪದ್ಧತಿಯಾಗಿಸಿದ: ಓದುವ ಹುಡುಗನ ಕೈಯೂ ಹೊಸ ಜ್ಞಾನವನ್ನು ತರಬಲ್ಲದು ಎಂದು. ಹಾಗೆ ನಂಬಿದ ಮೇಲೆ ಆ ಕೈಗೆ ಕೊಡಬೇಕಾದ್ದನ್ನೂ ಕೊಡಬೇಕಾಗುತ್ತದೆ. ತೆರೆದ ಬಾಗಿಲು, ಲೇಖನದ ತಲೆಯಲ್ಲಿ ಹೆಸರು, ಮೈಗೆ ಬೆಂಕಿ ತಾಕದ ಕೋಟು, ತಿಂಗಳ ಮೊದಲ ವಾರ ಕೈಸೇರುವ ವೇತನ. ಇವು ಯಾವುವೂ ಹೇಗೆಂದು ತಿಳಿಯದ ಪ್ರಶ್ನೆಗಳಲ್ಲ. ಇವಕ್ಕೆ ಉತ್ತರ ಮೇಷ್ಟ್ರಿಗೂ ಗೊತ್ತು, ಆಡಳಿತಕ್ಕೂ ಗೊತ್ತು, ಅಟೆಂಡರನಿಗೂ ಗೊತ್ತು.